ಅಪ್ಪಯ್ಯನ ಓಮ್ನಿ, ನನ್ನ ಸೆವೆನ್

ನಮ್ಮ ಓಮ್ನಿಯ ಪಕ್ಕದ ಬಾಗಿಲು ಎಳೆದರೆ ಆ ಸದ್ದು ಹಳ್ಳದಾಚೆಯ ಮನೆಗೂ ಕೇಳಿಸುತ್ತಿತ್ತು. ಅಪ್ಪಯ್ಯ ಪೇಟೆಗೆ ಹೊರಟರು ಅಂತ ಅವರಿಗೆ ಅಲ್ಲಿಂದಲೇ ಗೊತ್ತಾಗುತ್ತಿತ್ತು. ಏನಾದರೂ ತರಿಸುವುದಿದ್ದರೆ ಓಡಿ ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದರು. 1998ರ ಗಾಡಿ ಅದು. ಬಿಳಿ ಬಣ್ಣ, ಕೆಎ-14 ನಂಬರು. ಅಡಿಕೆ ಮೂಟೆ, ಗೊಬ್ಬರದ ಚೀಲ, ಮದುವೆ ಮನೆಯ ಪಾತ್ರೆ, ಹೆರಿಗೆಗೆ ಹೊರಟ ಅಕ್ಕ, ಎಲ್ಲವೂ ಅದೇ ಬಾಗಿಲಲ್ಲಿ ಒಳಗೆ ಹೋಗಿದ್ದು. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ ಅಲ್ವಾ? ಮಳೆಗಾಲದಲ್ಲಿ ನೆಂದು ಬಂದು ಆ ಸೀಟಿನ ಮೇಲೆ ಕೂತರೆ ಎಷ್ಟು ಹಿತ ಅಂತ ಓಮ್ನಿ ಇಟ್ಟವರಿಗೇ ಗೊತ್ತು.

2020ರ ಹೊತ್ತಿಗೆ ತಳದ ತಗಡು ಪೂರ್ತಿ ಹೋಗಿತ್ತು. ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು. ಗುಜರಿಯವರು ಬಂದು ನೋಡಿ ಹದಿನೆಂಟು ಸಾವಿರ ಅಂದರು. ಅಪ್ಪಯ್ಯ ಏನೂ ಮಾತಾಡಲಿಲ್ಲ. ಕತ್ತಿ ತೆಗೆದುಕೊಂಡು ತೋಟಕ್ಕೆ ಹೋದರು. ಅವತ್ತು ರಾತ್ರಿ ನಾನು ಊಟದ ಹೊತ್ತಿಗೆ ಹೇಳಿದೆ, 'ಅಪ್ಪಯ್ಯ, ಎಂಜಿನ್ನು ಗೇರ್ ಬಾಕ್ಸು ಎಲ್ಲ ಚೆನ್ನಾಗಿದೆ. ಅದನ್ನ ನಾನು ಇಟ್ಟುಕೊಳ್ತೀನಿ. ಒಂದು ಕಾರು ಮಾಡ್ತೀನಿ.' ಅವರು ಮಜ್ಜಿಗೆ ಕಲಸುತ್ತಾ, 'ಮಾಡು ಮಾರಾಯ, ಮಾರೋದಕ್ಕಿಂತ ವಾಸಿ' ಅಂದರು. ಅಷ್ಟೇ ಅಪ್ಪಣೆ ನನಗೆ ಸಾಕಾಗಿತ್ತು.

ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವನು. ಬೆಂಗಳೂರಿನ ಪೀಣ್ಯದಲ್ಲಿ ಗೇರ್ ಮಾಡುವ ಕಾರ್ಖಾನೆಯಲ್ಲಿ ಒಂಬತ್ತು ವರ್ಷ ಇದ್ದೆ. ಅಪ್ಪಯ್ಯನ ಮಂಡಿನೋವು ಜಾಸ್ತಿ ಆದಮೇಲೆ ತೋಟ ನೋಡಿಕೊಳ್ಳಲು ಕೋಣಂದೂರಿನ ಹತ್ತಿರದ ನಮ್ಮ ಊರಿಗೆ ವಾಪಸ್ ಬಂದೆ. ಪೀಣ್ಯದಲ್ಲಿದ್ದಾಗಲೇ ತಲೆಗೆ ಹೊಕ್ಕ ಕಾರು ಒಂದಿತ್ತು. ಅದು ಲೋಟಸ್ ಸೆವೆನ್.

ನೋಡದವರಿಗೆ ಹೇಳುತ್ತೇನೆ. ಉದ್ದ ಮೂತಿ, ಬಾಗಿಲಿಲ್ಲ, ಮೇಲೆ ಚಾವಣಿ ಇಲ್ಲ. ಮುಂದಿನ ಚಕ್ರಗಳು ಮೈಯಿಂದ ಹೊರಗೆ ನಿಂತಿರುತ್ತವೆ, ಸೈಕಲ್ಲಿನ ಹಾಗೆ ಅವಕ್ಕೆ ಬೇರೆ ಮಡ್‌ಗಾರ್ಡ್. ಇಬ್ಬರು ಕೂರಬಹುದು. ನೆಲ ಕೈಗೆ ಸಿಗುವಷ್ಟು ಕೆಳಗೆ ಸೀಟು. ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್ 1957ರಲ್ಲಿ ತಂದ ಕಾರು ಇದು. ಆಗ ಬ್ರಿಟನ್ನಿನಲ್ಲಿ ಪೂರ್ತಿ ತಯಾರಾದ ಕಾರಿಗೆ ಖರೀದಿ ತೆರಿಗೆ ಇತ್ತು, ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಂಡರೆ ಇರಲಿಲ್ಲ. ಹಾಗಾಗಿ ಸೆವೆನ್ ಬಹಳಷ್ಟು ಮನೆಗಳಿಗೆ ಪೆಟ್ಟಿಗೆಯಲ್ಲೇ ಹೋಯಿತು. ಗಂಡ ಹೆಂಡತಿ ಮಕ್ಕಳು ಸೇರಿ ಶೆಡ್ಡಿನಲ್ಲಿ ಜೋಡಿಸಿದ ಕಾರು. 1973ರಲ್ಲಿ ಅದರ ಹಕ್ಕನ್ನು ಕ್ಯಾಟರ್‌ಹ್ಯಾಮ್‌ನವರು ತೆಗೆದುಕೊಂಡರು, ಇವತ್ತಿಗೂ ಮಾಡುತ್ತಿದ್ದಾರೆ. ಅದನ್ನೇ ನೋಡಿಕೊಂಡು ಮನೆಯಲ್ಲಿ ಮಾಡಿದವರು ಜಗತ್ತಿನ ಎಲ್ಲ ಕಡೆ ಇದ್ದಾರೆ.

ಓಮ್ನಿ ಎಂಜಿನ್ ಹಾಕಿ ಸ್ಪೋರ್ಟ್ಸ್ ಕಾರಾ ಅಂತ ಬಹಳ ಜನ ಕೇಳಿದರು. ಹೌದು, ಓಮ್ನಿಯೇ ಸರಿ. ಮಾರುತಿ 800ರಲ್ಲಿ ಎಂಜಿನ್ ಅಡ್ಡಕ್ಕೆ ಕೂತು ಮುಂದಿನ ಚಕ್ರ ತಿರುಗಿಸುತ್ತದೆ. ಓಮ್ನಿಯಲ್ಲಿ ಅದೇ 796 ಸಿಸಿ ಮೂರು ಸಿಲಿಂಡರಿನ ಎಂಜಿನ್ ಉದ್ದಕ್ಕೆ ಕೂತಿದೆ. ಅದರ ಹಿಂದೆ ಗೇರ್ ಬಾಕ್ಸ್, ಅಲ್ಲಿಂದ ಶಾಫ್ಟ್, ಕೊನೆಗೆ ಹಿಂದಿನ ಚಕ್ರ ತಿರುಗಿಸುವ ಹೌಸಿಂಗ್. ಸೆವೆನ್‌ಗೆ ಬೇಕಾದ ಸಾಲು ಇದೇ. ಶಕ್ತಿ 40 ಎಚ್‌ಪಿಗಿಂತ ಕಡಿಮೆ ನಿಜ. ಆದರೆ 1957ರ ಮೊದಲ ಸೆವೆನ್‌ಗಳಲ್ಲಿ ಇದ್ದ ಫೋರ್ಡಿನ 1172 ಸಿಸಿ ಎಂಜಿನ್ನಿನದೂ ಸುಮಾರು 40ರ ಆಸುಪಾಸೇ. ಇನ್ನೊಂದು ವಿಷಯ ನನಗೆ ತುಂಬಾ ಧೈರ್ಯ ಕೊಟ್ಟಿತು. 2013ರಲ್ಲಿ ಕ್ಯಾಟರ್‌ಹ್ಯಾಮ್‌ನವರೇ ಒಂದು ಅಗ್ಗದ ಸೆವೆನ್ ತೋರಿಸಿದರು. ಅದಕ್ಕೆ ಹಾಕಿದ್ದು ಸುಜುಕಿಯ 660 ಸಿಸಿ ಮೂರು ಸಿಲಿಂಡರ್ ಟರ್ಬೊ ಎಂಜಿನ್. ಹಿಂದಿನ ಆಕ್ಸಲ್ಲೂ ಸುಜುಕಿಯದ್ದೇ. ನಮ್ಮ ಓಮ್ನಿಯೂ ಮೂಲದಲ್ಲಿ ಸುಜುಕಿಯ ವ್ಯಾನ್. ಇಂಗ್ಲೆಂಡಿನ ಕಾರ್ಖಾನೆಯವರಿಗೆ ಸರಿ ಅನ್ನಿಸಿದ್ದು ಕೋಣಂದೂರಿನಲ್ಲಿ ಯಾಕೆ ಆಗಬಾರದು?

ಕಾನೂನಿನ ಮಾತು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹುಡುಗರು ಹೆಚ್ಚು ಕೇಳುವುದು ಇದನ್ನೇ. ಮನೆಯಲ್ಲಿ ಮಾಡಿದ ಕಾರನ್ನು ನಮ್ಮಲ್ಲಿ ರಸ್ತೆಗೆ ಇಳಿಸುವ ಹಾಗಿಲ್ಲ. ಹೊಸ ಮಾದರಿ ಅಂದಮೇಲೆ ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಪರೀಕ್ಷೆ ಆಗಿ ಪಾಸಾಗಬೇಕು. ಅದು ಕಂಪನಿಗಳ ಕೈಲಾಗುವ ಕೆಲಸ, ನನ್ನಂಥವನದ್ದಲ್ಲ. ಹಳೇ ಓಮ್ನಿಯ ಆರ್‌ಸಿ ಇಟ್ಟುಕೊಂಡು ಅದರ ಮೈ ಬದಲಾಯಿಸಿದ್ದೇನೆ ಅನ್ನುವುದೂ ನಡೆಯುವುದಿಲ್ಲ. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಾಡು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ನಾನು ಮೊದಲು ಮಾಡಿದ್ದು ಶಿವಮೊಗ್ಗಕ್ಕೆ ಹೋಗಿ ಓಮ್ನಿಯ ಆರ್‌ಸಿ ರದ್ದು ಮಾಡಿಸಿದ್ದು. ನನ್ನ ಕಾರು ಓಡುವುದು ನಮ್ಮ ಸ್ವಂತ ಜಾಗದಲ್ಲಿ, ಗೇಟಿನಿಂದ ಮನೆಯ ತನಕ ಇರುವ ಮಣ್ಣುದಾರಿಯಲ್ಲಿ. ಒಂದು ಸಲ ಲಾರಿಯಲ್ಲಿ ಹೇರಿಕೊಂಡು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಒಯ್ಯಬೇಕು ಅನ್ನುವ ಆಸೆ ಇದೆ.

ಕಿಟ್ ಬಂದಿದ್ದೂ ಕೊಯಮತ್ತೂರಿನಿಂದಲೇ. 2021ರ ಫೆಬ್ರವರಿ. ರೇಸ್ ಕಾರು ಕೆಲಸ ಮಾಡುವ ಒಬ್ಬರು ಓಮ್ನಿ ಭಾಗಗಳಿಗೆ ಹೊಂದುವ ಹಾಗೆ ನಕ್ಷೆ ಮಾಡಿ, ಪೈಪ್‌ಗಳನ್ನು ಅಳತೆಗೆ ಕೊಯ್ದು ಕೊಟ್ಟರು. ಒಂದು ಇಂಚಿನ ಚೌಕ ಪೈಪ್, 1.6 ಮಿಲಿಮೀಟರ್ ದಪ್ಪ. ಪ್ರತಿಯೊಂದರ ಮೇಲೂ ನಂಬರ್ ಕುಟ್ಟಿದ್ದರು. ಜೊತೆಗೆ ಬ್ರಾಕೆಟ್‌ಗಳು, ಮುಂದಿನ ಸಸ್ಪೆನ್ಷನ್ನಿನ ತೋಳುಗಳು, ಫೈಬರ್ ಮೂತಿ, ನಾಲ್ಕು ಮಡ್‌ಗಾರ್ಡ್. ಎಲ್ಲ ಸೇರಿ ಒಂದು ಲಕ್ಷದ ಅರವತ್ತು ಸಾವಿರ. ಪಾರ್ಸಲ್ ಲಾರಿ ತೀರ್ಥಹಳ್ಳಿಗೆ ಬಂತು, ಅಲ್ಲಿಂದ ಪಿಕಪ್‌ನಲ್ಲಿ ತಂದೆವು. ಪೈಪ್ ಕಟ್ಟು ಅಂಗಳದಲ್ಲಿ ಇಳಿಸಿದಾಗ ಅಮ್ಮ, 'ಇದು ಕಾರಾ, ಚಪ್ಪರಕ್ಕೆ ತಂದಿದ್ದಾ?' ಅಂತ ಕೇಳಿದರು. ನೋಡಲು ಹಾಗೇ ಇತ್ತು.

ದನ ಮಾರಿದಮೇಲೆ ಖಾಲಿ ಬಿದ್ದಿದ್ದ ಕೊಟ್ಟಿಗೆಯೇ ನನ್ನ ಗ್ಯಾರೇಜ್. ಮೊದಲ ಕೆಲಸ ಸಮತಟ್ಟಾದ ಹಾಸು. ಚಾಸಿಸ್, ಅಂದರೆ ಕಾರಿನ ಪೈಪಿನ ಚೌಕಟ್ಟು, ಎಷ್ಟು ನೇರ ಬರುತ್ತದೆ ಅನ್ನುವುದು ಅದನ್ನು ಕಟ್ಟುವ ಹಾಸು ಎಷ್ಟು ನೇರ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಹಳೇ ಮನೆಯ ಎರಡು ಹೊನ್ನೆ ತೊಲೆ ಅಟ್ಟದಲ್ಲಿತ್ತು. ಅದನ್ನು ಕಲ್ಲಿನ ಮೇಲೆ ಕೂರಿಸಿ, ಮೇಲೆ ದಪ್ಪ ಪ್ಲೈವುಡ್ ಹೊಡೆದೆ. ಮಟ್ಟ ನೋಡಲು ಗಾರೆ ಕೆಲಸದವರ ನೀರಿನ ಟ್ಯೂಬ್. ಎಂಟನೇ ಕ್ಲಾಸಿನ ಮಗಳು ಒಂದು ತುದಿ ಹಿಡಿದಳು, ನಾನು ಒಂದು ತುದಿ. ಆಮೇಲೆ ಪ್ಲೈವುಡ್ ಮೇಲೆ ನಡುಗೆರೆ ಎಳೆದು, ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ಬರೆದೆವು. ಅವಳು ಗೆರೆ ಎಳೆಯುವುದರಲ್ಲಿ ನನಗಿಂತ ಚೊಕ್ಕ.

ಸೆವೆನ್ ಚಾಸಿಸ್ಸಿನ ಗುಟ್ಟು ತ್ರಿಕೋನ. ನಾಲ್ಕು ಕಡ್ಡಿ ಸೇರಿಸಿ ಚೌಕ ಮಾಡಿ ಒಂದು ಮೂಲೆ ಒತ್ತಿದರೆ ಅದು ವಾಲುತ್ತದೆ. ಒಂದು ಕರ್ಣದ ಕಡ್ಡಿ ಹಾಕಿದರೆ ಅಲ್ಲಾಡುವುದಿಲ್ಲ. ನಮ್ಮ ಹಂಚಿನ ಮನೆಯ ಮಾಡು ನಿಂತಿರುವುದೂ ಇದೇ ಲೆಕ್ಕದಲ್ಲಿ. ತೆಳ್ಳಗಿನ ಪೈಪ್ ಆದರೂ ಎಲ್ಲ ಕಡೆ ತ್ರಿಕೋನ ಬಿದ್ದರೆ ಗಟ್ಟಿ, ಹಗುರವೂ ಹೌದು.

ವೆಲ್ಡಿಂಗ್ ನನಗೆ ಗೊತ್ತಿತ್ತು. ಆದರೆ ಮಲೆನಾಡಿನ ವೆಲ್ಡಿಂಗ್ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಎಲ್ಲರ ತೋಟದ ಪಂಪೂ ಓಡುವಾಗ ವೋಲ್ಟೇಜ್ ಬಿದ್ದುಹೋಗುತ್ತದೆ. ಕಿಡಿ ಹತ್ತಿದರೂ ಲೋಹ ಕರಗಿ ಕೂಡುವುದಿಲ್ಲ, ಮೇಲೆ ಅಂಟಿಕೊಳ್ಳುತ್ತದೆ ಅಷ್ಟೇ. ಅದಕ್ಕೇ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಕೆಲಸ ಮಾಡುತ್ತಿದ್ದೆ. ಜೂನ್ ಬಂದಮೇಲೆ ಬೇರೆ ತೊಂದರೆ. ರಾಡ್‌ನ ಮೇಲಿನ ಮಸಾಲೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಹಾಗಾದ ರಾಡ್ ಚಟಪಟ ಸಿಡಿಯುತ್ತದೆ, ಬೆಸುಗೆಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತು ಬೀಳುತ್ತದೆ. ಎರಡು ದಿನ ಒದ್ದಾಡಿದೆ. ಅಮ್ಮ ನೋಡಿ, 'ಬೀಜ ಎಲ್ಲಿಡ್ತೀವೋ ಅಲ್ಲೇ ಇಡು' ಅಂದರು. ಒಲೆಯ ಮೇಲಿನ ಅಟ್ಟ! ಸೌತೆ ಬೀಜ, ಕಟ್ಟಿಗೆ, ಹಪ್ಪಳದ ಡಬ್ಬಿ, ಅದರ ಪಕ್ಕ ನನ್ನ 6013 ರಾಡಿನ ಪೊಟ್ಟಣ. ಸದಾ ಬೆಚ್ಚಗಿರುವ ಜಾಗ. ಆಮೇಲೆ ಒಂದು ತೂತೂ ಬೀಳಲಿಲ್ಲ. ಬೇಕಾದಾಗ ನಾಲ್ಕು ನಾಲ್ಕೇ ರಾಡ್ ಕೆಳಗಿಳಿಸುತ್ತಿದ್ದೆ.

ದೊಡ್ಡ ತಪ್ಪು ಆಗಿದ್ದು ಜುಲೈನಲ್ಲಿ. ಕೊಳೆ ರೋಗಕ್ಕೆ ಎರಡನೇ ಸಲ ಔಷಧಿ ಹೊಡೆಸಬೇಕಿತ್ತು, ಮಳೆ ಬಿಡುವು ಕೊಡುತ್ತಿರಲಿಲ್ಲ, ಮನಸ್ಸು ಅಲ್ಲಿತ್ತು. ಎಲ್ಲ ಜೋಡಣೆಗೂ ಮೊದಲು ಚುಕ್ಕೆ ಬೆಸುಗೆ ಹಾಕಿ, ಆಮೇಲೆ ಎಡಕ್ಕೊಂದು ಬಲಕ್ಕೊಂದು ತುಂಬುತ್ತಾ ಹೋಗಬೇಕು. ಕಾದ ಲೋಹ ತಣ್ಣಗಾಗುವಾಗ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಎರಡೂ ಕಡೆ ಸಮ ಎಳೆದರೆ ನೇರ ಉಳಿಯುತ್ತದೆ. ನಾನು ಅವಸರದಲ್ಲಿ ಬಲಗಡೆಯ ಏಳು ಜೋಡಣೆ ಒಂದೇ ಸಮನೆ ಮುಗಿಸಿದೆ. ಮರುದಿನ ಮೂಲೆಯಿಂದ ಮೂಲೆಗೆ ಟೇಪ್ ಹಿಡಿದರೆ ಎರಡು ಕರ್ಣಕ್ಕೂ ಏಳು ಮಿಲಿಮೀಟರ್ ವ್ಯತ್ಯಾಸ. ಪಾಯ ಹಾಕುವಾಗ ಮೇಸ್ತ್ರಿ ದಾರ ಹಿಡಿದು ನೋಡುವ ಲೆಕ್ಕವೇ ಇದು. ಮನೆಯಾದರೆ ಏಳು ಮಿಲಿಮೀಟರ್ ಯಾರೂ ಕೇಳುವುದಿಲ್ಲ, ಕಾರಾದರೆ ಒಂದು ಕಡೆ ಎಳೆಯುತ್ತದೆ. ಗ್ರೈಂಡರ್ ತೆಗೆದುಕೊಂಡು ಏಳನ್ನೂ ಕೊಯ್ದೆ. ಕೊಯ್ಯುವಾಗ ಒಂದು ಪೈಪ್ 'ಟಣ್' ಅಂತ ತನ್ನ ಜಾಗಕ್ಕೆ ವಾಪಸ್ ಹಾರಿತು. ಅಷ್ಟು ಬಿಗಿ ಒಳಗೆ ಕೂತಿತ್ತು. ಮತ್ತೆ ಮಾಡಲು ಮೂರು ವಾರ ಹಿಡಿಯಿತು. ಈಗ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ಕಡಿಮೆ.

ಅಕ್ಟೋಬರಿನಿಂದ ಜನವರಿ ತನಕ ಕಾರಿನ ಮಾತಿಲ್ಲ. ಅಡಿಕೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಕೊಟ್ಟಿಗೆಯಲ್ಲಿ ಚಾಸಿಸ್ ಮೇಲೆ ಗೋಣಿ ಹೊದಿಸಿ ಅದರ ಮೇಲೇ ಅಡಿಕೆ ಚೀಲ ಪೇರಿಸಿದ್ದೆವು. ಹನ್ನೆರಡು ಚೀಲ ಹೊತ್ತು ಎರಡು ತಿಂಗಳು ನಿಂತಿತು, ಕೂದಲೆಳೆಯಷ್ಟೂ ಬಾಗಲಿಲ್ಲ.

ಮುಂದಿನ ವರ್ಷ ಸಸ್ಪೆನ್ಷನ್ ಕೂರಿಸುವಾಗ ಕಿಟ್‌ನ ಒಂದು ಬ್ರಾಕೆಟ್ ಜೋಡಿ ತಪ್ಪಿತ್ತು. ತೂತು ನಾಲ್ಕು ಮಿಲಿಮೀಟರ್ ಆಚೆ. ಫೋನ್ ಮಾಡಿದರೆ ನಕ್ಷೆ ಸರಿಯಿದೆ ಅಂತ ಒಂದೇ ಮಾತು. ಬೇಜಾರಾಯಿತು. ದುಡ್ಡು ತೆಗೆದುಕೊಂಡವರು ಒಂದು ಸಲ ಅಳತೆ ಹಿಡಿದು ನೋಡಬಹುದಿತ್ತು. ಕೊನೆಗೆ ನಾನೇ ಹೊಸದು ಕೊಯ್ಸಿದೆ.

ಈ ಮೂರು ವರ್ಷದಲ್ಲಿ ನನಗೆ ಬಹಳ ಇಷ್ಟವಾದ ದಿನ ಅಂದರೆ ಶಾಫ್ಟ್ ಮಾಡಿಸಿದ ದಿನ. ಓಮ್ನಿಯ ಎರಡು ಆಕ್ಸಲ್ ನಡುವಿನ ದೂರಕ್ಕಿಂತ ಸೆವೆನ್‌ನದು ಜಾಸ್ತಿ. ಹಳೇ ಶಾಫ್ಟ್ ಸುಮಾರು ಒಂದು ಅಡಿ ಕಡಿಮೆ ಬಿತ್ತು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲೇತ್ ಇಟ್ಟ ಒಬ್ಬ ಭಾಯಿ ಇದ್ದಾರೆ, ಅರವತ್ತು ದಾಟಿದವರು. ಶಾಫ್ಟ್ ಕೈಗೆ ಕೊಟ್ಟ ಕೂಡಲೇ ಅವರು ಮಾಡಿದ್ದು ಏನು ಗೊತ್ತಾ? ಚಾಣ ತೆಗೆದುಕೊಂಡು ಎರಡೂ ತುದಿಯ ಕವಲುಗಳ ಮೇಲೆ ಒಂದೇ ನೇರಕ್ಕೆ ಎರಡು ಗೀರು ಹಾಕಿದರು. 'ಇದು ತಪ್ಪಿದ್ರೆ ಎಲ್ಲಾ ತಪ್ಪು ಸ್ವಾಮಿ' ಅಂದರು. ವಿಷಯ ಇಷ್ಟು. ಕ್ರಾಸ್ ಜಾಯಿಂಟ್ ಅಂದರೆ ಶಾಫ್ಟಿನ ತುದಿಯ ಕವಲಿನಲ್ಲಿರುವ ಕೀಲು. ಓರೆಯಾಗಿ ತಿರುಗುವಾಗ ಅದು ಒಂದೇ ವೇಗದಲ್ಲಿ ತಿರುಗಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ಮುಂದೆ ಓಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ. ಇನ್ನೊಂದು ತುದಿಯ ಜಾಯಿಂಟ್ ಅದಕ್ಕೆ ಸರಿಯಾಗಿ ಉಲ್ಟಾ ಮಾಡಿ ಲೆಕ್ಕ ಚುಕ್ತಾ ಮಾಡಬೇಕು. ಅದಾಗಬೇಕಾದರೆ ಎರಡು ಕವಲೂ ಒಂದೇ ನೇರಕ್ಕೆ ಇರಬೇಕು. ನಾನು ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆ ಬರೆದವನು. ಭಾಯಿ ಅಂಗೈಯಲ್ಲಿ ತಿಳಿದವರು.

ಹಳೇ ಪೈಪನ್ನು ಲೇತ್ ಮೇಲೆ ಬೆಸುಗೆಯ ಜಾಗದಲ್ಲೇ ಕೊಯ್ದರು. ಹೊಸ ಪೈಪಿಗೆ ತುದಿಗಳನ್ನು ಸುತ್ತಿಗೆಯಿಂದ ನಾಜೂಕಾಗಿ ಕೂರಿಸಿದರು. ಗೀರಿಗೆ ಗೀರು ಸೇರಿಸಿ ನಾಲ್ಕು ಚುಕ್ಕೆ ಬೆಸೆದರು. ಆಮೇಲೆ ಡಯಲ್ ಇಟ್ಟು ಮೆಲ್ಲಗೆ ತಿರುಗಿಸಿದರು. ಮುಳ್ಳು ಎಲ್ಲಿ ಏರುತ್ತದೋ ಅಲ್ಲಿ ಒಂದು ಸಣ್ಣ ಪೆಟ್ಟು, ಮತ್ತೆ ತಿರುಗಿಸುವುದು, ಮತ್ತೆ ಪೆಟ್ಟು. ಒಂದು ಗಂಟೆ ನಾನು ಮಾತಾಡದೆ ನೋಡುತ್ತಾ ನಿಂತಿದ್ದೆ. ಮುಳ್ಳು ಹೆಚ್ಚು ಕಡಿಮೆ ನಿಂತಮೇಲೆ ಪೂರ್ತಿ ಬೆಸೆದರು. ಬ್ಯಾಲೆನ್ಸಿಗೆ ಹುಬ್ಬಳ್ಳಿಗೆ ಕಳಿಸಿದೆ. ವಾಪಸ್ ಬಂದಾಗ ತೂಕ ಸರಿದೂಗಿಸಲು ಒಂದೇ ಒಂದು ಚಿಕ್ಕ ತುಂಡು ಅಂಟಿಸಿದ್ದರು. ಭಾಯಿಗೆ ಫೋನ್ ಮಾಡಿ ಹೇಳಿದೆ. 'ಒಂದಾ? ಒಂದೂ ಬೇಕಾಗಿರಲಿಲ್ಲ' ಅಂದರು.

ತಲೆಯ ಹಿಂದಿನ ರೋಲ್ ಬಾರ್ ಮಾತ್ರ ನಾನು ಬೆಸೆಯಲಿಲ್ಲ. ಗಾಡಿ ಮಗುಚಿದರೆ ತಲೆ ಉಳಿಸುವುದು ಅದೇ. ಬಾಯ್ಲರ್ ಪೈಪ್ ಬೆಸೆದು ಪಳಗಿದ ಒಬ್ಬರನ್ನು ಮನೆಗೇ ಕರೆಸಿ ಮಾಡಿಸಿದೆ. ಇದನ್ನು ಓದಿ ಯಾರಾದರೂ ಕಾರು ಕಟ್ಟಲು ಹೊರಟರೆ ಈ ಒಂದು ವಿಷಯದಲ್ಲಿ ದುಡ್ಡು ಉಳಿಸಬೇಡಿ.

ಪಕ್ಕಕ್ಕೆ ಅಲ್ಯೂಮಿನಿಯಂ ಹಾಳೆ, ರಿವೆಟ್ ಹೊಡೆದು ಕೂರಿಸಿದ್ದು. ಕಬ್ಬಿಣಕ್ಕೆ ನೇರವಾಗಿ ಅಲ್ಯೂಮಿನಿಯಂ ತಾಗಿಸಿದರೆ ನಮ್ಮ ತೇವದಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ತಿಂದುಹೋಗುತ್ತದೆ. ಅದಕ್ಕೇ ಚಾಸಿಸ್ಸಿಗೆ ಎರಡು ಕೈ ಬಣ್ಣ, ನಡುವೆ ಸೀಲೆಂಟ್, ಆಮೇಲೆ ರಿವೆಟ್. ಲಾರಿಯಲ್ಲಿ ಸೀಳಿದ್ದ ಫೈಬರ್ ಮೂತಿಯನ್ನು ಮಳೆಗಾಲದಲ್ಲಿ ಸರಿಮಾಡಲು ಹೋಗಿ, ರೆಸಿನ್ ಹದಿನೈದು ದಿನವಾದರೂ ಹಲಸಿನ ಮೇಣದ ಹಾಗೆ ಅಂಟುತ್ತಲೇ ಇತ್ತು. ಎಲ್ಲ ಕೆರೆದು ಜನವರಿ ಬಿಸಿಲಿಗೆ ಮತ್ತೆ ಹಾಕಿದೆ, ಸಂಜೆಯೊಳಗೆ ಕಲ್ಲಾಯಿತು.

2024ರ ಮಾರ್ಚ್‌ನಲ್ಲಿ ಎಂಜಿನ್ ಶುರು ಮಾಡಿದೆ. ಮೂರನೇ ಸಲಕ್ಕೆ ಹತ್ತಿತು. ಸೈಲೆನ್ಸರ್ ಬೇರೆಯದಾದರೂ ಆ ಮೂರು ಸಿಲಿಂಡರಿನ ಗುಡುಗುಡು ಬದಲಾಗಿರಲಿಲ್ಲ. ತೂಕ ನೋಡಲು ಪಿಕಪ್ ಮೇಲೆ ಹೇರಿ ತೀರ್ಥಹಳ್ಳಿಯಲ್ಲಿ ಗಾಡಿ ತೂಗುವ ಕಾಟಾಕ್ಕೆ ಒಯ್ದೆ. ಮೊದಲು ಪಿಕಪ್ ಒಂದೇ, ಆಮೇಲೆ ಕಾರಿನ ಸಮೇತ. ವ್ಯತ್ಯಾಸ 530 ಕೆಜಿ. ಓಮ್ನಿ ಬಿಚ್ಚುವ ಮೊದಲು ಅದೇ ಕಾಟಾದಲ್ಲಿ ತೂಗಿಸಿದ್ದೆ, 780 ಇತ್ತು. ಕಾಲು ಟನ್ ಕಡಿಮೆ! ಅದೇ ಎಂಜಿನ್ ಈಗ ಬೇರೆ ಪ್ರಾಣಿ. ಮೊದಲ ದಿನ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲೇ ಕಚ್ಚಿ ಜಾರುತ್ತಿತ್ತು. ಹಿಂದಿನ ಲೈನಿಗೆ ಒತ್ತಡ ಕಡಿಮೆ ಮಾಡುವ ವಾಲ್ವ್ ಹಾಕಿ, ತಿರುಪಿ ತಿರುಪಿ ಸರಿಮಾಡಿದೆ.

ಎರಡನೇ ಗೇರಿನಲ್ಲಿ ಹಲಸಿನ ಮರದ ತಿರುವು ತೆಗೆದುಕೊಂಡಾಗ ಮೈ ಜುಂ ಅಂದಿತು. ಗಂಟೆಗೆ ನಲವತ್ತೇ ಕಿಲೋಮೀಟರ್ ಇರಬಹುದು. ಆದರೆ ಕೂತಿರುವುದು ನೆಲದಿಂದ ಒಂದು ಗೇಣು ಮೇಲೆ. ಕೈಯಲ್ಲಿ ಹಿಡಿದ ಸ್ಟಿಯರಿಂಗ್ ದಾರಿಯ ಒಂದೊಂದು ಜಂಬಿಟ್ಟಿಗೆ ಕಲ್ಲನ್ನೂ ಹೇಳುತ್ತದೆ. ಮುಂದಿನ ಚಕ್ರ ಗುಂಡಿಗೆ ಇಳಿಯುವುದು, ತೋಳು ಏಳುವುದು, ಎಲ್ಲ ಕಣ್ಣೆದುರೇ ಕಾಣುತ್ತದೆ. ಆ ತೋಳಿನ ಬೋಲ್ಟ್ ಬಿಗಿ ಮಾಡಿದ ದಿನವೂ ನನಗೆ ನೆನಪಿದೆ. ಹೆಂಡತಿಯನ್ನೂ ಮಗಳನ್ನೂ ಒಬ್ಬೊಬ್ಬರಾಗಿ ಕೂರಿಸಿ ಸುತ್ತು ಹಾಕಿಸಿದೆ. ಮಗಳು ಇಳಿಯಲು ಒಪ್ಪಲಿಲ್ಲ.

ಅಪ್ಪಯ್ಯ ಮಾತ್ರ ಚಾವಡಿಯಲ್ಲಿ ಕೂತು ನೋಡುತ್ತಿದ್ದರು. ಬನ್ನಿ ಅಂದರೆ, 'ಆ ಗುಂಡಿಗೆ ಇಳಿದರೆ ನನ್ನ ಮಂಡಿಗೆ ವಾಪಸ್ ಏಳೋಕಾಗಲ್ಲ' ಅಂದರು. ಸರಿಯಾದ ಮಾತೇ. ಬಾಗಿಲಿಲ್ಲದ ಗಾಡಿ, ಕಾಲೆತ್ತಿ ದಾಟಿ ಕೆಳಗೆ ಕೂರಬೇಕು. ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಓಮ್ನಿಯ ಪಕ್ಕದ ಬಾಗಿಲನ್ನು ನಾನು ಗುಜರಿಗೆ ಹಾಕಿರಲಿಲ್ಲ. ಕೊಟ್ಟಿಗೆಯ ಗೋಡೆಗೆ ಒರಗಿಸಿಟ್ಟಿದ್ದೆ. ಅದರ ಒಳಗಿನ ಹಿಡಿ ಬಿಚ್ಚಿದೆ. ಇಪ್ಪತ್ತೆರಡು ವರ್ಷ ಎಲ್ಲರ ಕೈ ತಾಗಿ ಅದರ ಕಪ್ಪು ಒಂದು ಕಡೆ ನುಣ್ಣಗೆ ಹೊಳೆಯುತ್ತಿತ್ತು. ಡ್ಯಾಶ್ ಹಿಂದಿನ ಪೈಪಿಗೆ ಗಟ್ಟಿಯಾಗಿ ಒಂದು ಪಟ್ಟಿ ಬೆಸೆದು, ಎರಡು ಬೋಲ್ಟ್ ಹಾಕಿ, ಪಕ್ಕದ ಸೀಟಿನವರ ಎದುರಿಗೆ ಅದನ್ನು ಕೂರಿಸಿದೆ. ನಾನೇ ಜೋತುಬಿದ್ದು ನೋಡಿದೆ, ಅಲ್ಲಾಡಲಿಲ್ಲ.

ಮರುದಿನ ಕಾಫಿ ಆದಮೇಲೆ ಅಪ್ಪಯ್ಯ ಚಪ್ಪಲಿ ಬಿಟ್ಟು ಬಂದರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಕೈ ಆ ಹಿಡಿಯ ಮೇಲೆ. ಮೆಲ್ಲಗೆ ಇಳಿದು ಕೂತರು. ಬೆಲ್ಟ್ ಹಾಕಿದೆ. ಹಿಡಿಯನ್ನು ಒಂದು ಸಲ ನೋಡಿದರು. ಅಭ್ಯಾಸದ ಕೈ, ಬಾಗಿಲು ಹಾಕುವ ಹಾಗೆ ಅದನ್ನು ಒಮ್ಮೆ ಎಳೆದರು. ಆಮೇಲೆ ಮುಂದೆ ನೋಡುತ್ತಾ 'ಹೂಂ, ಹೊರಡು' ಅಂದರು.